ದಾಡಿ ಮಾಡಿದ ಮೇಲೆ ಉರಿ, ಗುಳ್ಳೆ, ಕಲೆ: ಯಾರಿಗೆ ಯಾವ ರೇಜರ್, ಯಾವ ಸಾಬೂನು, ಯಾವ ನೀರು?

ದಾಡಿ ಮಾಡಿಕೊಂಡ ಮೇಲೆ ಮುಖ ಉರಿಯತೊಡಗಿದರೆ ಹೆಚ್ಚಿನವರು ಮೊದಲು ಆಫ್ಟರ್‌ಶೇವ್ ಬದಲಿಸುತ್ತಾರೆ, ಆಮೇಲೆ ಫೋಮ್, ಕಡೆಗೆ ರೇಜರ್. ರೇಜರ್ ಬದಲಿಸುವಾಗಲೂ ಎರಡು ಬ್ಲೇಡಿನದು ಬಿಟ್ಟು ಮೂರರದ್ದು, ಮೂರರದ್ದು ಬಿಟ್ಟು ಐದರದ್ದು ತರುತ್ತಾರೆ. ಕುತ್ತಿಗೆಯ ಗುಳ್ಳೆ ಮಾತ್ರ ಇನ್ನೂ ಹೆಚ್ಚುತ್ತವೆ. ಉರಿ ಬೇರೆ, ಗುಳ್ಳೆ ಬೇರೆ, ಕೀವು ಬೇರೆ, ಹುಳುಕಡ್ಡಿ ಬೇರೆ. ಒಂದಕ್ಕೆ ಒಗ್ಗುವ ರೇಜರ್ ಇನ್ನೊಂದಕ್ಕೆ ಒಗ್ಗುವುದಿಲ್ಲ. ಎಲ್ಲಕ್ಕೂ ಹಿಂದೆ ಇರುವುದು ಬಹುಪಾಲು ಒಂದೇ ಹಟ: ಕೈಯಾಡಿಸಿದರೆ ಎಲ್ಲೂ ತಡೆಯದಷ್ಟು ನುಣ್ಣಗಾಗಬೇಕು ಎನ್ನುವುದು. ಗುಳ್ಳೆ ಏಳುವ ಚರ್ಮಕ್ಕೆ ಆ ನುಣುಪೇ ರೋಗ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕನ್ನಡಿಯ ಮುಂದೆ ನಿಂತು ನಿಮ್ಮ ತೊಂದರೆ ಯಾವುದು ಎಂದು ಗುರುತಿಸಿಕೊಳ್ಳಿ.

ನಿಮ್ಮದು ಯಾವ ತೊಂದರೆ?

ದಾಡಿ ಮುಗಿದ ಕೆಲವೇ ನಿಮಿಷಗಳಲ್ಲಿ ಚರ್ಮ ಕೆಂಪಗಾಗಿ, ಬೆವರು ತಾಗಿದರೂ ಚುರುಗುಟ್ಟಿ, ಎರಡು ಮೂರು ದಿನದಲ್ಲಿ ತಾನೇ ಇಳಿದರೆ ಅದು ಬರೀ ಬ್ಲೇಡಿನ ಉರಿ. ಬ್ಲೇಡು ಕೂದಲಿನ ಜೊತೆಗೆ ಚರ್ಮದ ಮೇಲ್ಪದರವನ್ನೂ ಕೆರೆದಿರುತ್ತದೆ. ಮೊಂಡ ಬ್ಲೇಡು, ನೊರೆ ಒಣಗಿದ ಮುಖ, ಒಂದೇ ಜಾಗದ ಮೇಲೆ ನಾಲ್ಕೈದು ಸಲ ಎಳೆಯುವುದು, ಒತ್ತಿ ಎಳೆಯುವುದು ಇದರ ಕಾರಣಗಳು. ಇಲ್ಲಿ ರೇಜರ್‌ಗಿಂತ ಕೈಯ ತಪ್ಪೇ ಹೆಚ್ಚು.

ಮಾರನೆಯ ದಿನವೋ ಅದರ ಮರುದಿನವೋ, ಅದರಲ್ಲೂ ದವಡೆಯ ಕೆಳಗೆ ಮತ್ತು ಕುತ್ತಿಗೆಯಲ್ಲಿ, ಗಟ್ಟಿಯಾದ ಸಣ್ಣ ಗುಳ್ಳೆಗಳು ಎದ್ದು ವಾರಗಟ್ಟಲೆ ಉಳಿದರೆ ಅದು ಒಳಮುಖವಾಗಿ ಬೆಳೆದ ಕೂದಲಿನ ತೊಂದರೆ. ಮೊಬೈಲಿನ ಟಾರ್ಚನ್ನು ಕೆನ್ನೆಗೆ ಅಡ್ಡಲಾಗಿ ಹಿಡಿದು, ಭೂತಗನ್ನಡಿಯಲ್ಲಿ ಒಂದು ಗುಳ್ಳೆಯನ್ನು ನೋಡಿ. ಕರಿ ನೂಲಿನ ತುಂಡಿನಂಥ ಕೂದಲು ಒಂದು ಕಡೆ ಹೊರಬಂದು, ಬಾಗಿ, ಅಲ್ಲೇ ಪಕ್ಕದಲ್ಲಿ ಮತ್ತೆ ಚರ್ಮದೊಳಗೆ ಹೊಕ್ಕಿರುವುದು ಎಷ್ಟೋ ಸಲ ಕಾಣುತ್ತದೆ. ಗುಂಗುರು ಕೂದಲಿನವರಿಗೆ ಇದು ಹೆಚ್ಚು. ಇನ್ನೊಂದು ಬಗೆ ಕಣ್ಣಿಗೆ ಕಾಣುವುದಿಲ್ಲ: ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿಹೋದ ಕೂದಲು ಹೊರಗೆ ಬರುವ ಮೊದಲೇ ತನ್ನ ಗೂಡಿನ ಗೋಡೆಯನ್ನು ಚುಚ್ಚುತ್ತದೆ. ಓರೆಯಾಗಿ ಕತ್ತರಿಸಿದ ಕೂದಲಿನ ತುದಿ ಸೂಜಿಯಷ್ಟೇ ಮೊನಚು. ದೇಹ ಅದನ್ನು ಮುಳ್ಳೆಂದೇ ತಿಳಿದು ಊತ ಕಟ್ಟುತ್ತದೆ.

ಪ್ರತಿ ಗುಳ್ಳೆಯ ನಡುವೆ ಕೂದಲು, ಅದರ ಸುತ್ತ ಹಳದಿ ಕೀವು, ಮುಟ್ಟಿದರೆ ನೋವು ಇದ್ದರೆ ಅದು ಕೂದಲ ಗೂಡಿನ ಸೋಂಕು. ಬಹುತೇಕ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಇದು ಮೇಲಿಂದ ಮೇಲೆ ಬರುತ್ತಿದ್ದರೆ ರೇಜರ್ ಬದಲಿಸುವುದಕ್ಕಿಂತ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

ದನಕರು ಕಟ್ಟಿದ ಮನೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಗಡ್ಡದ ಹುಳುಕಡ್ಡಿ. ಕರುವಿನ ಮುಖದ ಮೇಲೆ, ಕಣ್ಣಿನ ಸುತ್ತ ದುಂಡಗೆ ಕೂದಲು ಉದುರಿ ಬೂದು ಬಣ್ಣದ ಹೊಪ್ಪಳೆ ಕಟ್ಟಿದೆಯೇ ನೋಡಿ. ಅದೇ ಶಿಲೀಂಧ್ರ ಕರುವಿನ ಮೈ ತಿಕ್ಕಿದ ಕೈಯಿಂದ ಗಡ್ಡಕ್ಕೆ ಬರುತ್ತದೆ. ಸಾಮಾನ್ಯವಾಗಿ ಮುಖದ ಒಂದೇ ಕಡೆ ಊದಿಕೊಂಡು ಮೆತ್ತಗಾಗುತ್ತದೆ, ಅಲ್ಲಿಯ ಕೂದಲು ಹಿಡಿದೆಳೆದರೆ ನೋವಿಲ್ಲದೆ ಕಿತ್ತುಬರುತ್ತದೆ. ಬ್ಯಾಕ್ಟೀರಿಯಾದ ಗುಳ್ಳೆಯಲ್ಲಿ ಕೂದಲು ಎಳೆದರೆ ಜೀವ ಹೋದಂತಾಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಮನೆಯಲ್ಲಿ ಇರುವ ಒಳ್ಳೆಯ ಗುರುತು ಇದೇ.

ಇನ್ನು ನರಹುಲಿ. ಕೆನ್ನೆಯ ಮೇಲೆ ಚಪ್ಪಟೆ ಸಣ್ಣ ಗುಳ್ಳೆಗಳು ಗೆರೆ ಎಳೆದಂತೆ ಸಾಲಾಗಿ ಎದ್ದಿದ್ದರೆ ಆ ಗೆರೆ ಬ್ಲೇಡು ಹೋದ ದಾರಿ. ಒಂದು ನರಹುಲಿಯ ವೈರಾಣುವನ್ನು ಬ್ಲೇಡು ದಾರಿಯುದ್ದಕ್ಕೂ ಬಿತ್ತಿದೆ. ಅವು ಹೋಗುವವರೆಗೆ ಆ ಜಾಗದ ಮೇಲೆ ಬ್ಲೇಡು ಆಡಿಸಲೇಬಾರದು.

ರೇಜರ್‌ಗಳ ಹೋಲಿಕೆ

ಕುತ್ತಿಗೆಯ ಗುಳ್ಳೆ ಇರುವವರಿಗೆ ನಮ್ಮ ಮೊದಲ ಆಯ್ಕೆ ಟ್ರಿಮ್ಮರ್, ಅದೂ 1 ಮಿ.ಮೀ. ಅಳತೆಯಲ್ಲಿ. ಅಷ್ಟು ಉದ್ದದ ಕೂದಲು ಚರ್ಮದೊಳಗೆ ಜಾರುವುದಿಲ್ಲ, ಬಾಗಿ ಮರಳಿ ಚುಚ್ಚುವ ಸಾಧ್ಯತೆಯೂ ಕಡಿಮೆ. ಮುಖದ ಮೇಲೆ ತೆಳು ನೆರಳು ಉಳಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಕೋಂಬ್ ತೆಗೆದು ಬರೀ ತಲೆಯನ್ನು ಚರ್ಮಕ್ಕೆ ಒತ್ತಿ ಹಿಡಿದರೆ ಟ್ರಿಮ್ಮರ್ ತಂದ ಉದ್ದೇಶವೇ ಕೆಟ್ಟಿತು. ದಿನ ಬಿಟ್ಟು ದಿನ ಆಡಿಸಿ. ತಲೆಯ ಹಲ್ಲಿಗೆ ವಾರಕ್ಕೊಮ್ಮೆ ಒಂದು ಹನಿ ಎಣ್ಣೆ ಬಿಡಿ. ಇಲ್ಲದಿದ್ದರೆ ಬಿಸಿಯಾಗಿ ಕೂದಲು ಕತ್ತರಿಸುವ ಬದಲು ಜಗ್ಗುತ್ತದೆ.

ಬ್ಲೇಡೇ ಬೇಕು ಎನ್ನುವವರಿಗೆ ಒಂಟಿ ಬ್ಲೇಡಿನ ಹಳೆಯ ಸೇಫ್ಟಿ ರೇಜರ್. ಅಪ್ಪ, ಅಜ್ಜನ ಕಾಲದಿಂದ ಮನೆಯಲ್ಲಿದ್ದ, ಮೇಲಿನ ರೆಕ್ಕೆ ಬಿಚ್ಚಿ ಬ್ಲೇಡು ಹಾಕುವ ಆ ರೇಜರ್ ಕೂದಲನ್ನು ಚರ್ಮದ ಮಟ್ಟದಲ್ಲೇ ಕತ್ತರಿಸುತ್ತದೆ, ಒಳಗಿಂದ ಎಳೆದು ಕತ್ತರಿಸುವುದಿಲ್ಲ. ಹಿಡಿಯನ್ನು ಚರ್ಮಕ್ಕೆ ಓರೆ ಮಾಡಿ, ಬ್ಲೇಡು ಸುಮಾರು 30 ಡಿಗ್ರಿ ಕೋನದಲ್ಲಿ ತಾಗುವಂತೆ ಹಿಡಿಯಬೇಕು. ರೇಜರಿನ ತೂಕವೇ ಸಾಕು, ಕೈಯಿಂದ ಒತ್ತಬಾರದು. ಕಲಿಯಲು ಎರಡು ಮೂರು ವಾರ ಬೇಕು, ಅಷ್ಟರಲ್ಲಿ ಗದ್ದದ ತುದಿಯಲ್ಲೂ ಮೂಗಿನ ಕೆಳಗೂ ಒಂದೆರಡು ಗಾಯ ಆಗಬಹುದು. ಬ್ಲೇಡನ್ನು ನಾಲ್ಕೈದು ಸಲಕ್ಕಿಂತ ಹೆಚ್ಚು ಬಳಸಬೇಡಿ. ಐದು ಬ್ಲೇಡಿನ ಒಂದು ಕಾರ್ಟ್ರಿಡ್ಜಿನ ಬೆಲೆಗೆ ಇಂಥ ಬ್ಲೇಡು ಹತ್ತಾರು ಬರುತ್ತವೆ. ಹಾಗಾಗಿ ಹಳೆಯದನ್ನು ಎಸೆಯುವಾಗ ಜೀವ ಹಿಂಜರಿಯುವುದಿಲ್ಲ. ನಮ್ಮ ಪ್ರಕಾರ ಇದರ ದೊಡ್ಡ ಲಾಭವೇ ಅದು.

ಹಲವು ಬ್ಲೇಡಿನ ಕಾರ್ಟ್ರಿಡ್ಜ್ ರೇಜರಿನ ಗುಣವೂ ದೋಷವೂ ಒಂದೇ. ಮೊದಲ ಬ್ಲೇಡು ಕೂದಲನ್ನು ಹಿಡಿದು ಮೇಲಕ್ಕೆ ಜಗ್ಗುತ್ತದೆ, ಅದು ಮರಳಿ ಒಳಗೆ ಸರಿಯುವ ಮೊದಲೇ ಹಿಂದಿನ ಬ್ಲೇಡು ಕತ್ತರಿಸುತ್ತದೆ. ಉಳಿದ ಮೊಂಡು ಚರ್ಮದ ಕೆಳಗೆ ಇಳಿಯುತ್ತದೆ. ನೇರ ಕೂದಲಿನವರಿಗೆ ಇದರಿಂದ ನುಣುಪು, ಗುಂಗುರು ಕೂದಲಿನವರಿಗೆ ಮೇಲೆ ಹೇಳಿದ ಮುಳ್ಳು. 1971ರಲ್ಲಿ ಎರಡು ಬ್ಲೇಡಿನ ಕಾರ್ಟ್ರಿಡ್ಜ್ ಮಾರುಕಟ್ಟೆಗೆ ಬಂದ ಮೇಲೆ ಬ್ಲೇಡುಗಳ ಸಂಖ್ಯೆ ಏರುತ್ತಲೇ ಇದೆ. ಒಂದು ಸಲ ಎಳೆದರೆ ಐದು ಬ್ಲೇಡು ಹೋದಂತೆ, ಎರಡು ಸಲ ಎಳೆದರೆ ಹತ್ತು. ನಿಮಗೆ ಗುಳ್ಳೆಯ ತೊಂದರೆ ಇಲ್ಲ, ಅಪರೂಪಕ್ಕೆ ಉರಿ ಮಾತ್ರ ಎಂದಾದರೆ ಕಾರ್ಟ್ರಿಡ್ಜ್ ಬಿಡಬೇಕಿಲ್ಲ. ಐದರಿಂದ ಏಳು ಸಲಕ್ಕೆ ಬದಲಿಸಿ, ಬಚ್ಚಲಲ್ಲಿ ಒದ್ದೆಯಾಗಿ ಬಿಡದೆ ಜಾಡಿಸಿ ಒಣ ಜಾಗದಲ್ಲಿಡಿ. ಬಳಸಿ ಬಿಸಾಡುವ ಅಗ್ಗದ ರೇಜರನ್ನು ಊರಿಗೆ ಹೋದಾಗ ಒಂದೆರಡು ಸಲ ಬಳಸಬಹುದು. ತಿಂಗಳಿಡೀ ಅದೇ ಒಂದನ್ನು ಬಳಸುವುದು ಉರಿಗೆ ನೇರ ದಾರಿ.

ಜಾಳಿಗೆಯ ತಗಡಿರುವ ಎಲೆಕ್ಟ್ರಿಕ್ ಶೇವರ್ ಟ್ರಿಮ್ಮರ್ ಮತ್ತು ಬ್ಲೇಡಿನ ನಡುವಿನದು. ಮುಖ ಪೂರ್ತಿ ಒಣಗಿರಬೇಕು, ಚರ್ಮವನ್ನು ಜಗ್ಗಿ ಹಿಡಿಯಬಾರದು. ಜಾಳಿಗೆ ಸವೆದರೆ ಕೆನ್ನೆಗೆ ಬಿಸಿ ತಾಗುತ್ತದೆ. ಸುಮಾರು ಒಂದೂವರೆ ವರ್ಷದೊಳಗೆ ಅದನ್ನು ಬದಲಿಸಬೇಕು.

ಕೂದಲು ತೆಗೆಯುವ ಕ್ರೀಮು ಕೂದಲ ತುದಿಯನ್ನು ಮೊಂಡಾಗಿಸುತ್ತದೆ, ಆದ್ದರಿಂದ ಚುಚ್ಚುವುದು ಕಡಿಮೆ. ಆದರೆ ಕಾಲಿಗೆಂದು ಮಾಡಿದ್ದನ್ನು ಮುಖಕ್ಕೆ ಹಚ್ಚಿ ಸುಟ್ಟುಕೊಳ್ಳುವವರು ಇದ್ದಾರೆ. ಮುಖಕ್ಕೆಂದು ಬರೆದದ್ದನ್ನೇ ಕೊಳ್ಳಿ, ಹಿಂದಿನ ದಿನ ಮುಂಗೈ ಒಳಬದಿಗೆ ಹಚ್ಚಿ ಪರೀಕ್ಷಿಸಿ, ಡಬ್ಬಿಯ ಮೇಲಿನ ಸಮಯ ಮೀರಬೇಡಿ. ವರ್ಷಗಟ್ಟಲೆ ಗುಳ್ಳೆ ಬಿಡದವರಿಗೆ ಲೇಸರ್ ದಾರಿ ಇದೆ. ನಮ್ಮ ಕಡೆಯ ಕಂದು, ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಯಾವ ಲೇಸರ್ ಎಂದು ಕೇಳದೆ ದುಡ್ಡು ಕಟ್ಟಬೇಡಿ, ತಪ್ಪು ಯಂತ್ರದಿಂದ ಚರ್ಮ ಸುಟ್ಟು ಕಲೆ ಉಳಿಯಬಹುದು.

ಕಟಿಂಗ್ ಅಂಗಡಿಯೋ, ಮನೆಯೋ?

ಪಳಗಿದ ಕೈ, ಹದವಾಗಿ ನೆನೆದ ಗಡ್ಡ, ಒಂಟಿ ಬ್ಲೇಡು ಮೂರೂ ಅಂಗಡಿಯಲ್ಲಿ ಸಿಗುತ್ತವೆ. ಉರಿಯ ದೃಷ್ಟಿಯಿಂದ ಅದು ಎಷ್ಟೋ ಮನೆ ದಾಡಿಗಿಂತ ಮೇಲು. ತೊಂದರೆ ಬರುವುದು ಎರಡು ಕಡೆ. ಒಂದು, ಗಿರಾಕಿಗೆ ಖುಷಿಯಾಗಲೆಂದು ಚರ್ಮ ಜಗ್ಗಿ ಹಿಡಿದು ಉಲ್ಟಾ ಎಳೆಯುವುದು. ಇದು ಗುಳ್ಳೆಗೆ ಕಾರಣ. ಕುರ್ಚಿಯಲ್ಲಿ ಕೂರುವಾಗಲೇ "ಅಣ್ಣಾರ, ಹೊಸಾ ಬ್ಲೇಡ್ ಹಾಕ್ರಿ, ಸೀದಾ ಒಂದ ಸಲ ಸಾಕು, ಉಲ್ಟಾ ಬ್ಯಾಡ್ರಿ" ಅಂದುಬಿಡಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೊಂದು, ಎಲ್ಲರಿಗೂ ಒಂದೇ ಆಗಿರುವ ವಸ್ತುಗಳು. ಬ್ಲೇಡನ್ನು ನಿಮ್ಮ ಮುಂದೆ ಪೊಟ್ಟಣದಿಂದ ತೆಗೆದು ಅರ್ಧಕ್ಕೆ ಮುರಿದು ಹಾಕುವುದು ಈಗ ರೂಢಿ. ಆದರೆ ಟಾವೆಲ್, ಬ್ರಷ್, ಪಟಿಕದ ಕಲ್ಲು ಬೆಳಗಿನಿಂದ ಎಲ್ಲರ ಮುಖಕ್ಕೂ ತಾಗಿರುತ್ತವೆ. ಕೀವಿನ ಗುಳ್ಳೆ, ಹುಳುಕಡ್ಡಿ, ನರಹುಲಿ ಹೀಗೆ ದಾಟುತ್ತವೆ. ರಕ್ತ ತಾಗಿದ ಬ್ಲೇಡಿನಿಂದ ಹೆಪಟೈಟಿಸ್ ಬಿ ಕೂಡ ಬರಬಹುದು. ಅದರ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಜೀವಂತವಿರುತ್ತದೆ. ಒಂದು ಟಾವೆಲ್, ಒಂದು ಬ್ರಷ್ ಚೀಲದಲ್ಲಿ ಹಾಕಿಕೊಂಡು ಹೋಗುವುದು ನಾಚಿಕೆಯ ವಿಷಯವಲ್ಲ. ಸೋಮವಾರ ಸಂಜೆ ಮತ್ತು ರವಿವಾರ ಬೆಳಿಗ್ಗೆ, ಗದ್ದಲದ ಹೊತ್ತಿನಲ್ಲಿ, ಗಡ್ಡ ನೆನೆಯುವಷ್ಟು ಪುರಸೊತ್ತು ಇರುವುದಿಲ್ಲ. ಸೂಕ್ಷ್ಮ ಚರ್ಮದವರು ಆ ಹೊತ್ತು ತಪ್ಪಿಸಿ.

ಹಿಂಗತ್ತಿನ ವಿಷಯವೂ ಇಲ್ಲೇ ಬರುತ್ತದೆ. ಕೂದಲು ಕತ್ತರಿಸಿದ ಮೇಲೆ ಕತ್ತಿನ ಹಿಂದೆ ಬ್ಲೇಡು ಎಳೆಸಿಕೊಂಡು, ಅಲ್ಲಿ ಗಟ್ಟಿ ಗುಳ್ಳೆ ಏಳುತ್ತಿದ್ದರೆ ಬ್ಲೇಡನ್ನೂ ಸೊನ್ನೆ ಮಷಿನ್ನನ್ನೂ ಎರಡನ್ನೂ ನಿಲ್ಲಿಸಿ. ಆ ಗುಳ್ಳೆಗಳು ಬೆಳೆದು ಒಂದಕ್ಕೊಂದು ಕೂಡಿ ಗಂಟಿನಂಥ ಕಲೆ ಆದರೆ ತೆಗೆಯುವುದು ಬಹಳ ಕಷ್ಟ.

ಸವಳು ನೀರಿನ ಪಾಲು

ಬೇರೆ ಊರಿನ ಸಲಹೆ ನಮ್ಮಲ್ಲಿ ಕೈಕೊಡುವುದು ನೀರಿನ ಕಾರಣಕ್ಕೆ. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭೆಯ ನಳದ ನೀರು ದಿನ ಬಿಟ್ಟು ಬರುವ ಬಡಾವಣೆಗಳಲ್ಲಿ ಬಚ್ಚಲಿಗೆ ಬೋರಿನ ನೀರೇ ಗತಿ. ಗದಗ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಬೋರಿನ ನೀರು ಬೇಳೆ ಬೇಯಿಸದಷ್ಟು ಸವಳು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಬಕೆಟ್ಟಿನ ಅಂಚಿಗೆ ಬಿಳಿ ಪಾಚಿಯಂತೆ ಗಟ್ಟಿ ಕಟ್ಟುತ್ತಿದ್ದರೆ ನಿಮ್ಮ ನೀರು ಗಡಸು ಎಂದು ಬೇರೆ ಪರೀಕ್ಷೆ ಬೇಕಿಲ್ಲ.

ದಾಡಿಗೂ ಇದಕ್ಕೂ ಏನು ಸಂಬಂಧ? ಸವಳು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸಾಬೂನಿನ ಜೊತೆ ಕೂಡಿ ಕರಗದ ಜಿಡ್ಡು ಆಗುತ್ತವೆ. ಬ್ರಷ್ ತಿರುಗಿಸಿ ನೋಡಿ: ನೊರೆ ಎದ್ದಂತೆ ಕಂಡರೂ ಗುಳ್ಳೆಗಳು ದೊಡ್ಡವು, ಮಜ್ಜಿಗೆಯ ಮೇಲಿನ ನೊರೆಯಂತೆ ತೆಳು. ಗಲ್ಲ ಮುಗಿಸಿ ಕುತ್ತಿಗೆಗೆ ಬರುವಷ್ಟರಲ್ಲಿ ಒಡೆದು ಚರ್ಮ ಕಾಣುತ್ತದೆ. ಒಳ್ಳೆಯ ನೊರೆ ಮೊಸರಿನ ಕೆನೆಯಂತೆ ಕೂತಿರಬೇಕು, ಬ್ರಷ್ ಬೋರಲು ಹಿಡಿದರೂ ಬೀಳಬಾರದು. ತೆಳು ನೊರೆಯ ಮೇಲೆ ಬ್ಲೇಡು ಜಾರುವುದಿಲ್ಲ, ಕೆರೆಯುತ್ತದೆ. ಗುಳ್ಳೆ ಏಳುವ ಕುತ್ತಿಗೆಗೇ ಕಡೆಗೆ ಸಿಗುವುದು ಈ ಒಡೆದ ನೊರೆ.

ಪರಿಹಾರ ದುಬಾರಿಯಲ್ಲ. ನೊರೆ ಮಾಡಲು, ಬ್ಲೇಡು ಅದ್ದಲು, ಕಡೆಗೆ ಮುಖ ತೊಳೆಯಲು ಎರಡು ಲೋಟ ಸಿಹಿನೀರು ಸಾಕು. ಕುಡಿಯಲು ತರುವ ಶುದ್ಧ ನೀರಿನ ಘಟಕದ ಕ್ಯಾನಿನಿಂದ ಅಷ್ಟು ತೆಗೆದಿಡಿ. ಮಳೆಗಾಲದಲ್ಲಿ ಮಾಳಿಗೆಯ ಮಳೆನೀರು ಅದಕ್ಕಿಂತ ಉತ್ತಮ, ಮೊದಲ ಮಳೆ ಬಿಟ್ಟು ಆಮೇಲಿನದು ಹಿಡಿಯಿರಿ. ಕುದಿಸಿ ಆರಿಸಿ ಮೇಲಿನ ತಿಳಿ ತೆಗೆದುಕೊಂಡರೆ ಗಡಸುತನದ ಒಂದು ಭಾಗ ಮಾತ್ರ ಇಳಿಯುತ್ತದೆ. ನೀರು ಬದಲಿಸಲು ಆಗದವರು ಸಾಬೂನಿನ ಬದಲು ಡಬ್ಬಿಯ ಜೆಲ್ ಅಥವಾ ನೊರೆ ಬಾರದ ಕ್ರೀಮು ಬಳಸಲಿ. ಅವು ತಮ್ಮ ನೀರನ್ನು ತಾವೇ ತಂದಿರುತ್ತವೆ, ಸವಳಿನ ಪ್ರಭಾವ ಕಡಿಮೆ. ಸಿಹಿನೀರು ಇದ್ದರೆ ಬ್ರಷ್ ಮತ್ತು ಸಾಬೂನೇ ನಮಗೆ ಮೇಲು, ಬ್ರಷ್ ಮಲಗಿದ ಕೂದಲನ್ನು ಎಬ್ಬಿಸಿ ನಿಲ್ಲಿಸುತ್ತದೆ. ಮೈಗೆ ಹಚ್ಚುವ ಸಾಬೂನಿನಲ್ಲೇ ದಾಡಿ ಮುಗಿಸುವುದು ಎರಡಕ್ಕಿಂತಲೂ ಕೆಟ್ಟದ್ದು.

ದಾಡಿಯ ಕ್ರಮ

ಸ್ನಾನದ ನಂತರವೇ ದಾಡಿ. ಅದಾಗದಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿದ ಟಾವೆಲ್ ಎರಡು ಮೂರು ನಿಮಿಷ ಗಡ್ಡದ ಮೇಲೆ. ನೆನೆದ ಕೂದಲು ಕತ್ತರಿಸಲು ಒಣ ಕೂದಲಿಗಿಂತ ಬಹಳ ಕಡಿಮೆ ಬಲ ಸಾಕು. ನೊರೆ ಹಚ್ಚಿ ಒಂದೆರಡು ನಿಮಿಷ ಬಿಡಿ. ಕುತ್ತಿಗೆಯ ಕೂದಲು ಎಲ್ಲರಿಗೂ ಮೇಲಿಂದ ಕೆಳಕ್ಕೆ ಬೆಳೆದಿರುವುದಿಲ್ಲ. ಕೆಲವರಿಗೆ ಅಡ್ಡಕ್ಕೆ, ಕೆಲವರಿಗೆ ಸುಳಿಯಂತೆ. ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ, ಯಾವ ಕಡೆಗೆ ಹೋದರೆ ತಡೆಯಿಲ್ಲವೋ ಅದೇ ಸೀದಾ ದಿಕ್ಕು. ಆ ದಿಕ್ಕಿನಲ್ಲಿ ಸಣ್ಣ ಸಣ್ಣ ಎಳೆತ, ಪ್ರತಿ ಎಳೆತಕ್ಕೂ ಬ್ಲೇಡು ಅದ್ದಿ ತೊಳೆಯಿರಿ. ಒಂದು ಜಾಗಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಕಾಲು, ಕಂಕುಳು ಶೇವ್ ಮಾಡುವ ಹೆಣ್ಣುಮಕ್ಕಳಿಗೂ ಇದೇ ಕ್ರಮ. ಕಂಕುಳಲ್ಲಿ ಕೂದಲು ಎರಡು ಮೂರು ದಿಕ್ಕಿಗೆ ಬೆಳೆದಿರುವುದರಿಂದ ಅಲ್ಲಿ ಇನ್ನಷ್ಟು ನಿಧಾನ.

ಪಟಿಕ, ಆಫ್ಟರ್‌ಶೇವ್, ಕ್ರೀಮು

ಪಟಿಕದ ಕಲ್ಲು ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ, ಅದಕ್ಕೆ ಒಳ್ಳೆಯದು. ಆ ಗಾಯಕ್ಕಷ್ಟೇ ಒದ್ದೆ ಮಾಡಿ ಒತ್ತಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಇಡೀ ಮುಖಕ್ಕೆ ತಿಕ್ಕಿ ಹಾಗೇ ಬಿಟ್ಟರೆ ಚರ್ಮ ಬಿಗಿದು ಒಣಗುತ್ತದೆ, ಚಳಿಗಾಲದ ಒಣಗಾಳಿಯಲ್ಲಿ ಬಿರಿಯುತ್ತದೆ. ಮನೆಯಲ್ಲಿ ಒಬ್ಬರಿಗೊಂದು ಕಲ್ಲು ಇರಲಿ. ಸ್ಪಿರಿಟ್ ಇರುವ ಆಫ್ಟರ್‌ಶೇವ್ ಚುರುಕ್ ಎಂದಾಗ ಸೋಂಕು ಸತ್ತಿತು ಎಂಬ ಭಾವನೆ ಬರುತ್ತದೆ. ಆ ಚುರುಕು ಕೆರೆದ ಚರ್ಮದ್ದು, ಉರಿ ಇರುವವರಿಗೆ ಅದು ಬೇಡವೇ ಬೇಡ. ಹಚ್ಚಿದ ಕಡೆಯಲ್ಲೆಲ್ಲ ತುರಿಕೆ ಬಂದು ದಿನಗಟ್ಟಲೆ ಉಳಿದರೆ ಅದರೊಳಗಿನ ಸುಗಂಧದ ಅಲರ್ಜಿ ಇರಬಹುದು. ನಮ್ಮ ಆಯ್ಕೆ ತಣ್ಣೀರಿನ ಬಟ್ಟೆ ಐದು ನಿಮಿಷ, ಆಮೇಲೆ ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್.

ಬ್ಯಾಡಗಿ ಮಾರುಕಟ್ಟೆಯಲ್ಲಿ, ಮೆಣಸಿನಕಾಯಿ ಗೋದಾಮು, ಖಾರದ ಗಿರಣಿಗಳಲ್ಲಿ ದುಡಿಯುವವರಿಗೆ ಒಂದು ಮಾತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಬ್ಲೇಡು ಆಡಿದ ಚರ್ಮದ ಮೇಲೆ ಅದರ ಧೂಳು ಕೂತರೆ ಗಂಟೆಗಟ್ಟಲೆ ಉರಿಯುತ್ತದೆ. ಖಾರದ ಅಂಶ ಬರೀ ನೀರಿಗೆ ಬಿಡುವುದಿಲ್ಲ, ಸಾಬೂನು ಬೇಕು, ಸಾಬೂನು ಕೆರೆದ ಚರ್ಮವನ್ನು ಇನ್ನಷ್ಟು ಉರಿಸುತ್ತದೆ. ಹಂಗಾಮಿನಲ್ಲಿ ಬೆಳಿಗ್ಗೆಯ ದಾಡಿ ಬಿಟ್ಟು ಸಂಜೆ ಕೆಲಸ ಮುಗಿಸಿ, ಸ್ನಾನ ಮಾಡಿ ದಾಡಿ ಮಾಡಿಕೊಳ್ಳಿ. ರಾತ್ರಿಯಿಡೀ ಚರ್ಮಕ್ಕೆ ವಿಶ್ರಾಂತಿ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ದಿನಾ 20 ಕಿ.ಮೀ. ಬೈಕಿನಲ್ಲಿ ಓಡಾಡುವವರಿಗೂ ಸಂಜೆಯ ದಾಡಿಯೇ ಲೇಸು. ಹೆಲ್ಮೆಟ್ಟಿನ ಪಟ್ಟಿ ಉಜ್ಜುವುದು ಸರಿಯಾಗಿ ಗುಳ್ಳೆ ಏಳುವ ಜಾಗವನ್ನೇ.

ಗುಳ್ಳೆ ಈಗಾಗಲೇ ಎದ್ದಿದ್ದರೆ

ಒಳಮುಖ ಕೂದಲಿನ ಗುಳ್ಳೆಗೆ ಮೊದಲ ಔಷಧಿ ನಾಲ್ಕು ವಾರ ಬ್ಲೇಡು ಬಿಡುವುದು. ಮೊದಲ ವಾರ ಗುಳ್ಳೆ ಹೆಚ್ಚಾದಂತೆ ಕಾಣುತ್ತದೆ, ಅಲ್ಲೇ ಬಹಳ ಜನ ಸೋತು ಮತ್ತೆ ರೇಜರ್ ಹಿಡಿಯುತ್ತಾರೆ. ಕೂದಲು ಬೆಳೆಯುತ್ತ ಹೋದಂತೆ ತನ್ನದೇ ಬಲದಿಂದ ಸಿಡಿದು ಹೊರಬರುತ್ತದೆ. ಹೊರಗೆ ಕಾಣುವ ಕುಣಿಕೆಯನ್ನು ಸ್ಪಿರಿಟ್ಟಿನಿಂದ ಒರೆಸಿದ ಸೂಜಿಯ ತುದಿಯಿಂದ ಎತ್ತಿ ಬಿಡಿ, ಚಿಮಟದಿಂದ ಕೀಳಬೇಡಿ. ಕಿತ್ತ ಕೂದಲು ಮತ್ತೆ ಬೆಳೆಯುವಾಗ ಒಳಗೇ ಚುಚ್ಚುತ್ತದೆ. ರಾತ್ರಿ 0.1 ಶೇಕಡಾ ಅಡಾಪಲೀನ್ ಜೆಲ್ಲನ್ನು ತೆಳ್ಳಗೆ ಹಚ್ಚಿದರೆ ಕೂದಲ ಬಾಯಿ ತೆರೆದಿರಲು ಸಹಾಯವಾಗುತ್ತದೆ. ಮೊದಲು ದಿನ ಬಿಟ್ಟು ದಿನ, ಬಸುರಿಯರಿಗೆ ಬೇಡ. ಕೀವಿನ ಗುಳ್ಳೆಗೆ 2.5 ಶೇಕಡಾ ಬೆಂಜಾಯಿಲ್ ಪೆರಾಕ್ಸೈಡ್ ಒಂದೆರಡು ವಾರ ನೋಡಬಹುದು. ಬಣ್ಣದ ಟಾವೆಲ್, ತಲೆದಿಂಬಿನ ಚೀಲ ಬಿಳುಚಿಕೊಳ್ಳುತ್ತವೆ ಎಂಬುದು ನೆನಪಿರಲಿ. ಗುಳ್ಳೆ ಹೋದ ಮೇಲೆ ಉಳಿಯುವ ಕಪ್ಪು ಕಲೆ ಮಾಯಲು ತಿಂಗಳುಗಳು ಬೇಕು. ಹೊಸ ಗುಳ್ಳೆ ನಿಲ್ಲದೆ, ಬಿಸಿಲಿನಿಂದ ರಕ್ಷಣೆ ಇಲ್ಲದೆ ಕಲೆಯ ಕ್ರೀಮಿಗೆ ದುಡ್ಡು ಹಾಕುವುದು ವ್ಯರ್ಥ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಎಂದು ಬರೆದಿದ್ದರೆ ವೈದ್ಯರು ಹೇಳದೆ ಮುಖಕ್ಕೆ ಹಚ್ಚಬೇಡಿ. ಇವು ಸ್ಟೀರಾಯ್ಡ್. ಎರಡು ದಿನದಲ್ಲಿ ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ, ಒಳಗೆ ಹುಳುಕಡ್ಡಿ ಹಬ್ಬುತ್ತಲೇ ಇರುತ್ತದೆ, ಚರ್ಮ ತೆಳುವಾಗುತ್ತದೆ. ಇಂಥ ಟ್ಯೂಬುಗಳಿಂದ ಮುಖ ಹಾಳಾದವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಜ್ವರ, ಮುಖದ ಒಂದೇ ಕಡೆ ಹೆಚ್ಚುವ ಊತ, ಕುರುವಿನಂಥ ಗಂಟು, ಎರಡು ವಾರಕ್ಕೂ ಇಳಿಯದ ಕೀವು ಇದ್ದರೆ ಚರ್ಮರೋಗ ವೈದ್ಯರನ್ನು ಕಾಣಬೇಕು. ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆಯಲ್ಲಿ, ಗದಗದಲ್ಲಿ ಜಿಮ್ಸ್‌ನಲ್ಲಿ ಹೊರರೋಗಿ ವಿಭಾಗಗಳಿವೆ. ಹಾವೇರಿಯವರು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದನ್ನೂ, ಜೊತೆಗೆ ಒಯ್ಯಿರಿ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ದಾಡಿ ಮಾಡಿಕೊಳ್ಳಬೇಡಿ, ಆ ಜಾಗಕ್ಕೆ ಏನನ್ನೂ ಹಚ್ಚಬೇಡಿ. ಹುಳುಕಡ್ಡಿ ಹೌದೋ ಅಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಲು ವೈದ್ಯರಿಗೆ ಅಲ್ಲಿಯದೇ ನಾಲ್ಕು ಕೂದಲು ಬೇಕಾಗುತ್ತದೆ.